ಸರ್ಪ ಬರೆಯುತ್ತಿದ್ದ ನಮ್ಮತ್ತೆ ಗೋಪಾಲಮ್ಮ

ನಮ್ಮತ್ತೆ ಗೋಪಾಲಮ್ಮನ ಅಂಗಳದಿಂದ ಯಾರೂ ಹೇಳಿ ಹೋಗ್ತಿರಲಿಲ್ಲ. ಬೇರೆ ಮನೆಗಳಲ್ಲಿ ಹೊರಡೋವಾಗ ಜನ 'ಬರ್ತೀನಿ' ಅಂತಾರೆ, ಮನೆಯೋರು 'ಹ್ಞೂಂ, ಬನ್ನಿ' ಅಂತಾರೆ. ಇಲ್ಲಿ ಅಪ್ಪಿತಪ್ಪಿ ಹಾಗಂದ್ರೆ ಕೈಯಲ್ಲಿದ್ದ ಕೋಳಿಪುಕ್ಕ ತೋರಿಸಿ ಗದರಿಸೋಳು. "ಬಾಯಿ ಮುಚ್ಕೊಂಡು ಓಗು. ತಿರುಗಿ ನೋಡ್ಬ್ಯಾಡ." ಆಗಷ್ಟೇ ಮದುವೆಯಾಗಿ ಬಂದಿದ್ದ ನಾನು ಅದನ್ನ ಕೇಳಿ ಬೆಚ್ಚಿಬಿದ್ದಿದ್ದೆ. ಮನೆಗೆ ಬಂದೋರನ್ನೇ ಹಿಂಗೆ ಅಟ್ಟೋಳು ಸೊಸೇನ ಇನ್ನೇನು ಮಾಡ್ತಾಳೋ ಅಂತ.

ನಮ್ಮದು ಬ್ಯಾಟರಾಯನಪುರದ ಕುಂಬಾರ ಬೀದಿ. ನಾನು ಹೇಳ್ತಿರೋದು ಐವತ್ತು, ಅರವತ್ತರ ದಶಕದ ಮಾತು. ಆಗ ಬಳ್ಳಾರಿ ರಸ್ತೇಲಿ ಅಪರೂಪಕ್ಕೊಂದು ಬಸ್ಸು, ಉಳಿದದ್ದೆಲ್ಲ ಜಟಕಾ, ಎತ್ತಿನ ಗಾಡಿ. ಬೇಸಿಗೇಲಿ ಜಕ್ಕೂರು ಕೆರೆ ಬತ್ತಿದಾಗ ನಮ್ಮ ಮಾವ ಪಿಳ್ಳಣ್ಣ, ನಮ್ಮನೆಯೋರು ಇಬ್ಬರೂ ಗಾಡಿ ಕಟ್ಕೊಂಡು ಹೋಗಿ ಜೇಡಿಮಣ್ಣು ತುಂಬ್ಕೊಂಡು ಬರೋರು. ತಿಗರಿ ತಿರುಗಿಸೋದು ಗಂಡಸರ ಕೆಲಸ. ಹಸಿ ಮಡಕೆ ತಟ್ಟೋದು, ಒಣಗಿಸೋದು, ಜಾಜು ಬಳಿಯೋದು ಹೆಂಗಸರದ್ದು. ಜಾಜು ಅಂದ್ರೆ ಒಂಥರಾ ಕೆಂಪು ಮಣ್ಣು, ಕಲ್ಲಿನ ಮೇಲೆ ನೀರು ಬಿಟ್ಟು ತೇದ್ರೆ ಕುಂಕುಮದ ಬಣ್ಣ ಬಿಡುತ್ತೆ. ನೆತ್ತಿ ಮೇಲೆ ಜಕ್ಕೂರಿನ ವಿಮಾನ ಕಲಿಸೋ ಶಾಲೆಯ ಪುಟ್ಟ ವಿಮಾನ ಗುಂಯ್‌ಗುಟ್ಕೊಂಡು ಸುತ್ತು ಹೊಡೀತಿದ್ರೆ ನಮ್ಮತ್ತೆ ಕೈಕೆಲಸ ನಿಲ್ಲಿಸಿ ಮೇಲೆ ನೋಡೋಳು. "ಇವನು ಒಂದಿನ ನನ್ನ ಮಡಕೆಗಳ ಮ್ಯಾಲೇ ಬೀಳ್ತಾನೆ, ನೋಡ್ತಿರು" ಅನ್ನೋಳು. ಅವನು ಬೀಳಲಿಲ್ಲ. ಮಡಕೆಗಳೇ ಹೋದವು, ಕೆರೆ ಮಣ್ಣೂ ಹೋಯ್ತು. ಆದ್ರೂ ಎಲ್ಲಾದ್ರೂ ಹಸಿಮಣ್ಣು ಬೆಂದ ವಾಸನೆ ಬಂದ್ರೆ ನಂಗೆ ಇವತ್ತಿಗೂ ಎದೆ ಒಂಥರಾ ಆಗುತ್ತೆ.

ಅದೇ ಜಾಜಿನಿಂದ ನಮ್ಮತ್ತೆ ಸರ್ಪ ಬರೀತಿದ್ಲು. ಸರ್ಪಸುತ್ತು ನೋಡಿರಬೇಕಲ್ಲ ನೀವು. ಮೊದಲು ಪಕ್ಕೆಯಲ್ಲೋ ಸೊಂಟದಲ್ಲೋ ಸುಮ್ಮನೆ ಉರಿ ಹತ್ಕೊಳ್ಳುತ್ತೆ, ನೋಡಿದ್ರೆ ಏನೂ ಕಾಣಲ್ಲ. ಎರಡು ಮೂರು ದಿನ ಕಳೆದ ಮೇಲೆ ಕೆಂಪಗೆ ದದ್ದೆದ್ದು, ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆ ಗೊಂಚಲು ಗೊಂಚಲಾಗಿ ಬರ್ತವೆ, ಬೆನ್ನಿಂದ ಹೊಟ್ಟೆ ಕಡೆಗೆ ಹಾವು ಸುತ್ತಿದಂಗೆ ಪಟ್ಟಿಯಾಗಿ. ಆ ಹಾವಿನ ತಲೆಯೂ ಬಾಲವೂ ಕೂಡಿದ್ರೆ ಮನುಷ್ಯ ಉಳಿಯಲ್ಲ ಅಂತ ಊರ ನಂಬಿಕೆ. ಕುಂಬಾರರ ಕೈಲಿ ಬರೆಸಿದ್ರೆ ಇಳಿಯುತ್ತೆ ಅಂತ ಯಲಹಂಕದಿಂದ, ಹೆಬ್ಬಾಳದಿಂದ, ಆ ಕಡೆ ಬಾಗಲಗುಂಟೆಯಿಂದ್ಲೂ ಜನ ಬರೋರು. ನಮ್ಮತ್ತೆ ಕೋಳಿಪುಕ್ಕ ಜಾಜಲ್ಲಿ ಅದ್ದಿ ಗುಳ್ಳೆಗಳ ಸುತ್ತ ಗೆರೆ ಎಳೆಯೋಳು. ಒಂದು ತುದಿಗೆ ಹೆಡೆ ಬರೆದು, ಅದರ ಮುಖಾನ ಬಾಲದಿಂದ ಆಚೆಗೆ ತಿರುಗಿಸೋಳು. ಆಮೇಲೆ ಎರಡೇ ಮಾತು. ಒಂದು, ಹೇಳದೆ ಹೋಗು. ಇನ್ನೊಂದು, ವಾಸಿಯಾದ ಮೇಲೆ ಈ ಅಂಗಳದ ಹೊಸ್ತಿಲು ತುಳಿಬೇಡ. ತುಳಿದ್ರೆ ಇಲ್ಲಿ ಬಿಟ್ಟುಹೋದ ಸರ್ಪ ಕಾಲಿಗೆ ಸುತ್ಕೊಂಡು ಮತ್ತೆ ನಿನ್ನ ಜತೆ ಬರುತ್ತೆ. ಅವರಪ್ಪ ವಿದ್ಯೆ ಕಲಿಸಿದಾಗ ಈ ಕಟ್ಟಳೇನೂ ಕಲಿಸಿದ್ನಂತೆ. ಒಂದು ಸಲ ಬರೆಸ್ಕೊಂಡೋರಿಗೆ ಮಡಕೆ ಬೇಕಾದ್ರೂ ಅವರ ಮನೆಯ ಬೇರೆಯೋರು ಬಂದು ತಗೊಂಡು ಹೋಗ್ಬೇಕಿತ್ತು.

ದೂರದೋರಿಗೆ ಇದೇನು ಕಷ್ಟ? ಬಂದ್ರು, ಬರೆಸ್ಕೊಂಡ್ರು, ಹೋದ್ರು. ಕಷ್ಟ ಆಗಿದ್ದು ನಮ್ಮ ಬೂಬಮ್ಮನಿಗೆ.

ಬೂಬಮ್ಮ ಅಂತ ನಾನು ಕರೀತಿದ್ದದ್ದು ಎದುರು ಮನೆ ಕನೀಜ್‌ನ. ಗಂಡ ಮೆಹಬೂಬ್ ಪಾಷಾ ಯಲಹಂಕಕ್ಕೂ ಹೆಬ್ಬಾಳಕ್ಕೂ ಜಟಕಾ ಓಡಿಸ್ತಿದ್ದ. ಬೂಬಮ್ಮ, ನಮ್ಮತ್ತೆ ಇಬ್ಬರೂ ಒಂದೇ ವರ್ಷ ಆ ಬೀದಿಗೆ ಸೊಸೆಯರಾಗಿ ಬಂದೋರು. ಮಧ್ಯಾಹ್ನ ಊಟ ಮುಗಿಸಿ ಬೂಬಮ್ಮ ನಮ್ಮ ಅಂಗಳಕ್ಕೆ ಬಂದ್ರೆ ಬಿಸಿಲು ಇಳಿಯೋತನಕ ಏಳ್ತಿರಲಿಲ್ಲ. ಹೊಂಗೆ ಮರದ ನೆರಳಲ್ಲಿ ಕೂತು ಎಲೆಅಡಿಕೆ ಹಾಕ್ಕೊಂಡು ಇಬ್ಬರೂ ಲೋಕಾನೆಲ್ಲ ಬಯ್ಯೋರು. ಬೂಬಮ್ಮನ ಮನೆಮಾತು ಉರ್ದು, ಆದ್ರೆ ಬಯ್ಯೋಕೆ ಅವಳಿಗೆ ಕನ್ನಡವೇ ಹಿತ. ಮಾವನ ಗೊರಕೆ, ಪಾಷಾನ ಕುದುರೆಯ ಸೋಮಾರಿತನ, ನನ್ನ ಸಾರಿನ ಉಪ್ಪು, ಯಾವುದನ್ನೂ ಬಿಡ್ತಿರಲಿಲ್ಲ. ನಮ್ಮತ್ತೆಗೆ ಸಿಟ್ಟು ಮೂಗಿನ ತುದೀಲಿ. ಅವಳು ಬೆಳಿಗ್ಗೆ ಮುಖ ಗಂಟಿಕ್ಕಿದ್ರೆ ನಾನು ಬೂಬಮ್ಮ ಯಾವಾಗ ಬರ್ತಾಳೋ ಅಂತ ಬಾಗಿಲು ಕಾಯ್ತಿದ್ದೆ. ಅವಳು ಬಂದು "ಏನಕ್ಕ, ಇವತ್ತು ಯಾರನ್ನ ನುಂಗಿದೆ?" ಅಂದ್ರೆ ಸಾಕು, ಅತ್ತೆ ಮುಖ ಸಡಿಲಾಗೋದು.

ಒಂದು ಬೇಸಿಗೇಲಿ ಬೂಬಮ್ಮ ಬಂದು ಕೂತ್ಲು, ಆದ್ರೆ ಮರಕ್ಕೆ ಒರಗಲಿಲ್ಲ. ಸೆರಗು ಪಕ್ಕೆಗೆ ತಾಗದ ಹಾಗೆ ಎತ್ತಿ ಎತ್ತಿ ಹಿಡ್ಕೊಳ್ತಿದ್ಲು. ಏನೇ ಅದು ಅಂತ ಅತ್ತೆ ಕೇಳಿದ್ರೆ "ಸೆಕೆ ಅಕ್ಕ" ಅಂದ್ಲು. ಮಾರನೇ ದಿನವೂ ಸೆಕೆ. ಅದರ ಮಾರನೇ ದಿನ ಅತ್ತೆ ಮಾತಾಡದೆ ಅವಳ ಸೆರಗು ಸರಿಸಿ ನೋಡಿದ್ಲು. ಬಲಗಡೆ ಪಕ್ಕೆ ತುಂಬ ಗುಳ್ಳೆ.

"ಇಷ್ಟು ದಿನ ಯಾಕೆ ಯೋಳ್ಲಿಲ್ಲ?"

"ಹೇಳಿದ್ರೆ ನೀನು ಬರೀತೀಯ. ಬರೆದ್ಮೇಲೆ ನಾನು ಎಲ್ಲಿ ಕೂತ್ಕೊಂಡು ಎಲೆ ಹಾಕ್ಲಿ?"

ಅತ್ತೆ ಜಾಜು ತೇಯೋಕೆ ಕೂತ್ಲು. ಅವತ್ತು ಎಷ್ಟು ಹೊತ್ತು ತೇದ್ಲು ಅಂದ್ರೆ, ಮಡಕೆಗೆ ಬಳಿಯೋ ಅಷ್ಟಾಯ್ತು ನಿಲ್ಲಿಸು ಅತ್ತೆ ಅಂತ ನಾನೇ ಹೇಳ್ಬೇಕಾಯ್ತು. ಬರೆದು ಮುಗಿಸಿದ ಮೇಲೆ ಬೂಬಮ್ಮ ಎದ್ದು ಹೊಸ್ತಿಲ ತನಕ ಹೋದ್ಲು. ಇಷ್ಟು ವರ್ಷದ ಅಭ್ಯಾಸ ಮರೆತು, ತಿರುಗಿ "ಬರ್ತೀನಿ ಅಕ್ಕ" ಅಂದೇಬಿಟ್ಲು. ನಮ್ಮತ್ತೆ ಗದರಿಸ್ಲೂ ಇಲ್ಲ, ಆ ಕಡೆ ಮುಖ ತಿರುಗಿಸ್ಕೊಂಡು ಕೂತ್ಲು. ಆಗ ಅವಳ ಕಣ್ಣಲ್ಲಿ ನೀರಿದ್ದದ್ದನ್ನ ನಾನು ನೋಡಿದೆ.

ಬೂಬಮ್ಮನಿಗೆ ವಾಸಿಯಾಯ್ತು. ಆಮೇಲೆ ಅಂಗಳದ ಮೋಟುಗೋಡೆ ಆಚೆಗೆ ಮೆಹಬೂಬ್ ಪಾಷಾ ಒಂದು ಚಪ್ಪಡಿ ಕಲ್ಲು ತಂದು ಹಾಕಿದ. ಬೂಬಮ್ಮ ಅದರ ಮೇಲೆ ಕೂರೋಳು, ನಮ್ಮತ್ತೆ ಈಚೆ ಕೂರೋಳು. ಒಬ್ಬರಿಗೊಬ್ಬರ ತಲೆ ಮಾತ್ರ ಕಾಣೋದು. ಎಲೆಅಡಿಕೆ ಗೋಡೆ ಮೇಲಿಂದ ಹೋಗೋದು, ಬಯ್ಗುಳವೂ ಗೋಡೆ ಮೇಲಿಂದಾನೇ ಹೋಗೋದು. ಮಳೆ ಬಂದ್ರೆ ಬೂಬಮ್ಮ ಗೋಣಿಚೀಲ ತಲೆಗೆ ಹಾಕ್ಕೊಂಡು ಒಂದೆರಡು ಮಾತು ಮುಗಿಸಿ, ಹೇಳದೆ ಎದ್ದು ಹೋಗೋಳು. ನನ್ನ ಮೊದಲನೇ ಮಗು ನಾಮಕರಣಕ್ಕೆ ಬೀದಿಯೋರೆಲ್ಲ ಒಳಗಿದ್ರು, ಅವಳು ಗೋಡೆ ಆಚೆ ನಿಂತಿದ್ಲು. ನಾನು ಕೂಸನ್ನ ಎತ್ತಿ ಗೋಡೆ ಮೇಲೆ ಹಿಡಿದೆ, ಅವಳು ಅಲ್ಲಿಂದ್ಲೇ ಕೆನ್ನೆ ಮುಟ್ಟಿದ್ಲು. ನಂಗೆ ಮೈಯೆಲ್ಲ ಉರಿದುಹೋಯ್ತು. ಇದ್ಯಾವ ಸೀಮೆ ಕಟ್ಟಳೆ ಅತ್ತೆ, ಅಂತ ಕೇಳೇಬಿಟ್ಟೆ. "ಅವಳಿಗೆ ತಿರುಗ ಬಂದ್ರೆ ನೀನು ಬಿಡಿಸ್ತೀಯೇನೇ ಪಟಾಲಿ?" ಅಂದ್ಲು. ಪಟಾಲಮ್ಮ ಅಂತ ನನ್ನ ಹೆಸರು, ಸಿಟ್ಟು ಬಂದ್ರೆ ಪಟಾಲಿ. ಅಲ್ಲಿಗೆ ಮಾತು ಮುಗೀತು.

ಹೀಗೇ ಎಂಟೊಂಬತ್ತು ವರ್ಷ ಕಳೀತು. ಆಮೇಲೊಂದು ವರ್ಷ, ಬೇಸಿಗೆ ಶುರುವಾಗೋ ಹೊತ್ತಿಗೆ ಊರ ಮಕ್ಕಳಿಗೆಲ್ಲ ಅಮ್ಮ, ಅಂದ್ರೆ ಸೀತಾಳೆ ಸಿಡುಬು, ಬಂದಿತ್ತು. ಮನೆ ಮನೆ ಬಾಗಿಲಿಗೂ ಬೇವಿನ ಸೊಪ್ಪು. ಆಗ ನಮ್ಮತ್ತೆ ಒಂದು ಬೆಳಿಗ್ಗೆ ತಲೆ ಬಾಚೋಕೆ ಕೂತೋಳು ಬಾಚಣಿಗೆ ಎಸೆದುಬಿಟ್ಲು. ಬಲಗಡೆ ನೆತ್ತಿ, ಹಣೆ, ಮೆಣಸಿನಪುಡಿ ಸವರಿದಂಗೆ ಉರಿ ಅಂದ್ಲು. ಕೂದಲು ಅಲ್ಲಾಡಿದ್ರೂ ತಡೆಯೋಕಾಗಲ್ಲ ಅಂದ್ಲು. ಎರಡು ದಿನ ಕಳೆದು ಹಣೆ ಮೇಲೆ ಗುಳ್ಳೆ ಎದ್ದವು, ಹುಬ್ಬಿಗೆ ಇಳಿದವು, ರೆಪ್ಪೆಗೆ ಬಂದವು. ಮೂಗಿನ ತುದೀಲೂ ಒಂದೆರಡು.

"ಅಮ್ಮ ಬಂದವಳೆ" ಅಂತ ಮೊದಲು ಹೇಳಿದ್ದು ಅವಳೇ. ಸರ್ಪ ಇರಬಹುದಾ ಅಂತ ನಮ್ಮನೆಯೋರು ಕೇಳಿದ್ದಕ್ಕೆ ನಕ್ಕುಬಿಟ್ಲು. ಸರ್ಪ ಸುತ್ತೋದು ಸೊಂಟಕ್ಕೆ, ಎದೆಗೆ. ಮುಖಕ್ಕೆ ಏರಿದ್ದನ್ನ ಅವಳು ಕಂಡಿರಲಿಲ್ಲ. ಅಲ್ಲದೆ ಬರೆಯೋ ಕೈಯೋರನ್ನ ಸರ್ಪ ಮುಟ್ಟಲ್ಲ ಅಂತ ಅವರಪ್ಪ ಹೇಳಿದ್ನಂತೆ. ಸರಿ, ಅಮ್ಮ ಬಂದ ಮನೆ ಹೇಗಿರಬೇಕೋ ಹಾಗೆ ಆಯ್ತು. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ವಿ, ಒಗ್ಗರಣೆ ಹಾಕೋದು ನಿಂತಿತು, ಕೋಣೆಗೆ ಪರದೆ ಕಟ್ಟಿದ್ವಿ. ಡಾಕ್ಟರ ಮಾತು ಎತ್ತಬೇಡಿ, ಅಮ್ಮ ಮುನಿಸ್ಕೊಳ್ತಾಳೆ ಅಂತ ಮಾವ ಕಡಾಖಂಡಿತ ಹೇಳಿದ್ರು. ನೋಡ್ತಾ ನೋಡ್ತಾ ಬಲಗಣ್ಣು ಊದಿ ಮುಚ್ಕೊಂಡಿತು. ರೆಪ್ಪೆ ಸಂದಿಯಿಂದ ನೀರು ಸೋರ್ತಿತ್ತು. ಅತ್ತೆ ರಾತ್ರಿಯೆಲ್ಲ ನರಳೋಳು.

ಗೋಡೆ ಆಚೆ ಬೂಬಮ್ಮ ದಿನಾ ಬಂದು ಕೂತು ಹೋಗ್ತಿದ್ಲು. ಒಂದಿನ ನನ್ನ ಕರೆದ್ಲು.

"ಪಟಾಲಮ್ಮ, ಜ್ವರ ಐತಾ?"

"ಅಷ್ಟೇನಿಲ್ಲ ಬೂಬಮ್ಮ. ಉರಿ ಅಂತಾಳೆ."

"ಉರಿ ಮೊದಲು ಬಂತಾ, ಗುಳ್ಳೆ ಮೊದಲು ಬಂತಾ?"

"ಉರಿ ಮೊದಲು."

"ಗುಳ್ಳೆ ಕೈಮೇಲೆ, ಹೊಟ್ಟೆಮೇಲೆ?"

"ಇಲ್ಲ. ಹಣೆ ಮೇಲೆ. ಬಲಗಡೆ ಮಾತ್ರ. ಬೈತಲೆಯಿಂದ ಆ ಕಡೆಗೆ ಒಂದೂ ದಾಟಿಲ್ಲ."

ಬೂಬಮ್ಮ ಎದ್ದು ನಿಂತ್ಲು. ಒಂದು ಗಳಿಗೆ ಹೊಸ್ತಿಲು ನೋಡಿದ್ಲು, ಆಮೇಲೆ ಸೀರೆ ನೆರಿಗೆ ಎತ್ತಿ ಹಿಡ್ಕೊಂಡು ದಾಟಿ ಒಳಗೆ ಬಂದ್ಲು. ನಂಬಿಕೆ ಇಲ್ಲದೆ ಬಂದೋಳಲ್ಲ ಅವಳು. ತಿರುಗಿ ಬರುತ್ತೆ ಅಂತ ನಂಬ್ಕೊಂಡೇ ಬಂದ್ಲು.

ಪರದೆ ಸರಿಸಿದ ಸದ್ದಿಗೆ ಅತ್ತೆ ಎಡಗಣ್ಣು ಬಿಟ್ಟು ನೋಡಿದ್ಲು. ನೋಡಿ ಎದ್ದು ಕೂರೋಕೆ ಹೋದ್ಲು. "ಯಾಕೆ ಬಂದ್ಯೇ? ಓಗು ಆಚೆಗೆ. ನಿಂಗೆ ತಿರುಗ ಬತ್ತದೆ."

"ಬರ್ಲಿ" ಅಂದ್ಲು ಬೂಬಮ್ಮ. ಪಕ್ಕದಲ್ಲಿ ಕೂತು ಬೆರಳ ತುದಿಯಿಂದ ಅತ್ತೆ ಹಣೆಗೂದಲು ಸುಮ್ಮನೆ ಸೋಕಿಸಿದ್ಲು. ಅತ್ತೆ ಹಲ್ಲು ಕಚ್ಕೊಂಡು ನರಳಿದ್ಲು. "ಗಾಳಿ ಸೋಕಿದ್ರೂ ಸುಡುತ್ತೆ ಅಲ್ವಾ ಅಕ್ಕ? ಒಳಗೆ ಸೂಜಿ ಚುಚ್ಚಿ ಚುಚ್ಚಿ ತೆಗೆದಂಗೆ? ನಂಗೆ ಗೊತ್ತು ಈ ನೋವು. ಇದು ಅಮ್ಮ ಅಲ್ಲ. ಇದು ಅದೇ."

ಮಾವ ಬಾಗಿಲಲ್ಲಿ ನಿಂತಿದ್ರು. ಅಮ್ಮನ ಕೋಣೇಲಿ ಹೀಗೆಲ್ಲ ಮಾತಾಡಬೇಡ ತಾಯಿ ಅಂದ್ರು. ಬೂಬಮ್ಮ ತಿರುಗಿ ಕೂತ್ಲು. "ಪಿಳ್ಳಣ್ಣ, ಅಮ್ಮ ಬಂದ್ರೆ ಮೈಯೆಲ್ಲ ಬರ್ತಾಳೆ. ಗೆರೆ ಹಾಕಿದಂಗೆ ಅರ್ಧ ಹಣೇಲಿ ನಿಲ್ತಾಳಾ? ಸಿಟ್ಟು ಬಂದ್ರೆ ನನ್ನ ಮೇಲೆ ಬರ್ಲಿ, ಒಳಗೆ ಬಂದೋಳು ನಾನು." ಮಾವ ಬಾಗಿಲಿಂದ ಪಕ್ಕಕ್ಕೆ ಸರಿದ್ರು.

ಅತ್ತೆ ಕನ್ನಡಿ ತಾ ಅಂದ್ಲು. ತಂದೆ. ಎಡಗಣ್ಣಲ್ಲಿ ಬಹಳ ಹೊತ್ತು ನೋಡ್ಕೊಂಡ್ಲು. ಊರಿಗೆಲ್ಲ ಸರ್ಪ ಬರೆದೋಳಿಗೆ ಗುರುತು ಸಿಕ್ಕಿತು ಅಂತ ಮುಖ ನೋಡಿದ್ರೇ ಗೊತ್ತಾಗ್ತಿತ್ತು. ಆಮೇಲೆ ಜಾಜು ತೇಯಿ ಅಂದ್ಲು. ನಾನು ತೇದು ತಂದೆ. ಬೂಬಮ್ಮ ಕನ್ನಡಿ ಹಿಡಿದ್ಲು, ಅತ್ತೆ ಕೋಳಿಪುಕ್ಕ ಅದ್ದಿ ಬೈತಲೆಯಿಂದ ಗೆರೆ ಎಳೆದ್ಲು. ಹುಬ್ಬಿನ ತನಕ ಬಂದು ಕೈ ನಿಂತುಹೋಯ್ತು.

"ಹೆಡೆ ಎತ್ತ ತಿರುಗಿಸ್ಲೇ? ಯಾ ಕಡೆ ತಿರುಗಿಸಿದ್ರೂ ಕಣ್ಣೇ ಐತಲ್ಲೇ."

"ತಿರುಗಿಸ್ಬೇಡ. ಕಣ್ಣಿಗೆ ಮಣ್ಣು ಹೋದ್ರೆ ಕಣ್ಣೇ ಹೋಗುತ್ತೆ. ನಮ್ಮನೆಯೋರು ಜಟಕಾ ಕಟ್ತಾರೆ, ಪೇಟೆ ಕಣ್ಣಾಸ್ಪತ್ರೆಗೆ ಹೋಗೋಣ."

ಅತ್ತೆ ಪುಕ್ಕ ಕೆಳಗಿಟ್ಲು. "ಕಣ್ಣಿಲ್ದಿದ್ರೆ ನಾನು ಯಾತಕ್ಕೂ ಬರಲ್ಲ ಕಣೇ ಕನೀಜ" ಅಂದ್ಲು. ನಮ್ಮತ್ತೆ ಹೆದರಿದ್ದನ್ನ ನಾನು ನೋಡಿದ್ದು ಅವತ್ತೇ. ಬೂಬಮ್ಮ ಹಣೆಮೇಲಿನ ಅರ್ಧ ಗೆರೇನ ಒದ್ದೆ ಬಟ್ಟೇಲಿ ಮೆಲ್ಲಗೆ ಒರೆಸಿದ್ಲು.

ಜಟಕಾದಲ್ಲಿ ನಾವು ಮೂರು ಜನ ಹೆಂಗಸರು, ಮುಂದೆ ಪಾಷಾ. ಬಿಸಿಲು, ಧೂಳು ತಾಗದ ಹಾಗೆ ಬೂಬಮ್ಮ ತನ್ನ ಸೆರಗನ್ನ ಅತ್ತೆ ಮುಖದ ಮುಂದೆ ಮೈಗೆ ಸೋಕದಂತೆ ಹಿಡ್ಕೊಂಡೇ ಕೂತಿದ್ಲು. ಹೆಬ್ಬಾಳ ದಾಟೋವಾಗ ಕೈ ಬದಲಾಯಿಸಿದ್ಲು, ಇಳಿಸಲಿಲ್ಲ. ಯಾವತ್ತೂ ಓಡದ ಆ ಸೋಮಾರಿ ಕುದುರೆ ಅವತ್ತು ಓಡ್ತು.

ಆಸ್ಪತ್ರೇಲಿ ನೋಡಿದ್ದು ತಲೆ ನರೆತ ಒಬ್ಬ ಡಾಕ್ಟರಮ್ಮ. ಮೊದಲು ನೋಡಿದ್ದೇ ಮೂಗಿನ ತುದಿ. ಅಲ್ಲಿ ಗುಳ್ಳೆ ಎದ್ದಿದ್ರೆ ಕಣ್ಣಿಗೂ ತಗುಲೋದು ಜಾಸ್ತಿ, ಎರಡಕ್ಕೂ ಒಂದೇ ನರ ಅಂದ್ರು. ರೆಪ್ಪೆ ಬಿಡಿಸಿ ದೀಪ ಹಿಡಿದು ನೋಡಿ, "ಕಣ್ಣಿನೊಳಗೂ ಇಳಿದಿದೆ. ಆದ್ರೆ ಉಳಿಸಬಹುದು. ಇನ್ನೂ ಒಂದು ವಾರ ಬಿಟ್ಟಿದ್ರೆ ನನ್ನ ಕೈಲೂ ಆಗ್ತಿರಲಿಲ್ಲ" ಅಂದ್ರು. ಕಣ್ಣಿಗೆ ಹನಿ, ಗುಳ್ಳೆ ಮೇಲೆ ಹಚ್ಚೋಕೆ ಮುಲಾಮು, ನೋವಿಗೆ ಮಾತ್ರೆ ಕೊಟ್ರು. ಕುದಿಸಿ ಆರಿಸಿದ ನೀರಲ್ಲಿ ಒರೆಸಿ, ಗುಳ್ಳೆ ಒಡೀಬೇಡಿ, ಸೊಪ್ಪಿನ ರಸ, ಮಣ್ಣು ಏನೂ ಹಚ್ಚಬೇಡಿ, ಸೀತಾಳೆ ಸಿಡುಬು ಬರದ ಮಕ್ಕಳನ್ನ ಹತ್ತಿರ ಬಿಡಬೇಡಿ ಅಂತ ನನಗೆ ಹೇಳಿಕೊಟ್ರು.

"ಚಿಕ್ಕಂದಿನಲ್ಲಿ ನಿಮಗೂ ಸೀತಾಳೆ ಬಂದಿತ್ತಲ್ವಾ?" ಅಂತ ಅತ್ತೇನ ಕೇಳಿದ್ರು.

"ಬಂದಿತ್ತು."

"ಅದು ಪೂರ್ತಿ ಹೋಗಿರೋದಿಲ್ಲಮ್ಮ. ನರದ ಬುಡದಲ್ಲಿ ಮಲಗಿರುತ್ತೆ. ವಯಸ್ಸಾಗಿ ಮೈ ಸೋತಾಗ ಎದ್ದು, ಆ ನರ ಹಿಡ್ಕೊಂಡು ಚರ್ಮಕ್ಕೆ ಬರುತ್ತೆ. ಅದಕ್ಕೇ ಒಂದೇ ಮಗ್ಗುಲು, ಅದಕ್ಕೇ ಅಷ್ಟು ಉರಿ."

ಬೂಬಮ್ಮ ಸುಮ್ಮನಿರ್ತಾಳಾ? "ಹಂಗಾದ್ರೆ ಅಮ್ಮನೂ ನಿಜ, ಸರ್ಪನೂ ನಿಜ. ನೀನೂ ಗೆದ್ದೆ, ನಾನೂ ಗೆದ್ದೆ ಅಕ್ಕ" ಅಂದ್ಲು. ಡಾಕ್ಟರಮ್ಮನಿಗೂ ನಗು ಬಂತು. ಅತ್ತೆ ನಗಲಿಲ್ಲ. ಅವಳ ತಲೇಲಿ ಬೇರೆ ಏನೋ ಓಡ್ತಿತ್ತು.

"ಅಮ್ಮಾ, ನಾನು ಸರ್ಪ ಬರಿಯೋಳು. ಬರೆದ್ರೇ ಅಲ್ವಾ ಅದು ಇಳಿಯೋದು?"

"ಪಕ್ಕೆ, ಸೊಂಟದ್ದು ಎರಡು ಮೂರು ವಾರಕ್ಕೆ ಬಹಳ ಜನಕ್ಕೆ ತಾನೇ ಒಣಗುತ್ತಮ್ಮ."

ಅತ್ತೆ ಜಾಜು ಹತ್ತಿದ್ದ ತನ್ನ ಬೆರಳು ನೋಡ್ಕೊಂಡ್ಲು. ಆಮೇಲೆ ಕೇಳಿದ್ಲು. "ಹಂಗಾದ್ರೆ, ವಾಸಿಯಾದೋರು ನಮ್ಮ ಹೊಸ್ತಿಲು ತುಳಿದ್ರೆ ತಿರುಗ ಬರಲ್ವಾ?"

"ಅಪರೂಪಕ್ಕೆ ಕೆಲವರಿಗೆ ಇನ್ನೊಂದು ಸಲ ಬರಬಹುದು. ಅದಕ್ಕೂ ನಿಮ್ಮ ಹೊಸ್ತಿಲಿಗೂ ಸಂಬಂಧ ಇಲ್ಲ."

ನಮ್ಮತ್ತೆ ಬೂಬಮ್ಮನ ಕಡೆ ತಿರುಗಿದ್ಲು. "ಮಳೇಲೆಲ್ಲ ಆಚೆ ಕೂರಿಸಿದ್ನಲ್ಲೇ ನಿನ್ನ" ಅಂದ್ಲು. ಅಷ್ಟಂದು ಬಿಕ್ಕಿ ಬಿಕ್ಕಿ ಅತ್ತುಬಿಟ್ಲು. ಡಾಕ್ಟರಮ್ಮ ಅಳಬೇಡಿ, ಕಣ್ಣು ಉರಿಯುತ್ತೆ ಅಂದ್ರು. ಬೂಬಮ್ಮ ತನ್ನ ಕಣ್ಣೊರೆಸ್ಕೊಂಡು, "ಅಕ್ಕ, ನೀನು ಬರೆದ ಮಧ್ಯಾಹ್ನ ನಂಗೆ ಕಣ್ತುಂಬ ನಿದ್ದೆ ಬಂತು. ಅಷ್ಟು ದಿನ ಕಣ್ಣು ಮುಚ್ಚಿರಲಿಲ್ಲ ನಾನು. ಅದನ್ನ ಸುಳ್ಳು ಅನ್ಬೇಡ" ಅಂದ್ಲು.

ಕಣ್ಣು ಉಳೀತು. ಕರೀಗುಡ್ಡೆ ಮೇಲೆ ಸಣ್ಣ ಬಿಳೀ ಮಚ್ಚೆ ನಿಂತಿತು, ಆ ಕಡೆಯಿಂದ ಸ್ವಲ್ಪ ಮಬ್ಬು. ಹಣೆಯ ನೋವಂತೂ ಚಳಿಗಾಲ ಬರೋತನಕ ಕಾಡಿತು. ಆಮೇಲೂ ಸರ್ಪ ಬರೆಸೋಕೆ ಬರೋ ಜನ ನಿಲ್ಲಲಿಲ್ಲ. ಗುಳ್ಳೆ ಕಂಠದಿಂದ ಮೇಲಿದ್ರೆ ನಮ್ಮತ್ತೆ ಜಾಜು ಮುಟ್ಟೋಳಲ್ಲ, ತನ್ನ ಕಣ್ಣು ತೋರಿಸಿ ಆಸ್ಪತ್ರೆಗೆ ಅಟ್ಟೋಳು. ಕೆಳಗಿದ್ದೋರಿಗೂ ಡಾಕ್ಟರಿಗೆ ತೋರಿಸು ಅನ್ನೋಳು. ಆದ್ರೂ ಹಟ ಹಿಡಿದು ಕೂತೋರಿಗೆ ಗುಳ್ಳೆ ಮುಟ್ಟದ ಹಾಗೆ ದೂರದಿಂದ ಒಂದು ಗೆರೆ ಎಳೆದು, ಉರಿಗೆ ತಣ್ಣೀರ ಬಟ್ಟೆ ಹಾಕ್ಕೋ ಅಂತ ಹೇಳಿ ಕಳಿಸೋಳು. ಮಬ್ಬುಗಣ್ಣಲ್ಲಿ ಬರೆದ ಹಾವು ಎರೆಹುಳದ ಹಂಗೈತೆ ಅಂತ ಬೂಬಮ್ಮ ಆಡ್ಕೊಳ್ಳೋಳು.

ನಾನು ಹೇಳ್ಬೇಕು ಅಂತಿದ್ದದ್ದು ಆಸ್ಪತ್ರೆಯಿಂದ ಬಂದ ದಿನದ ಮಾತು. ಜಟಕಾ ಇಳಿದೋಳೇ ಅತ್ತೆ ಮನೆಯೊಳಗೆ ಹೋಗಲಿಲ್ಲ. ಒಂದು ಕಣ್ಣಿಗೆ ಹತ್ತಿಪಟ್ಟಿ ಕಟ್ಕೊಂಡು ಅಂಗಳದಲ್ಲೇ ನಿಂತು, ಮಗನ್ನ ಕರೆದು, ಗೋಡೆ ಆಚೆಯ ಚಪ್ಪಡಿ ಕಲ್ಲು ಒಳಗೆ ತಂದು ಹಾಕು ಅಂದ್ಲು. ನಮ್ಮನೆಯೋರೂ ಪಾಷಾನೂ ಸೇರಿ ಕಲ್ಲು ಹೊತ್ತು ತಂದು ಹೊಂಗೆ ಮರದ ಕೆಳಗೆ ಇಟ್ರು. ಬೂಬಮ್ಮ ಅದರ ಮೇಲೆ ಕೂತ್ಲು. ಅತ್ತೆಗೆ ದವಡೆ ಆಡಿಸೋಕಾಗದೆ ಅಡಿಕೆ ಅಗಿಯೋಕಾಗಲಿಲ್ಲ, ಬರೀ ಎಲೆ ಹಿಡ್ಕೊಂಡು ಪಕ್ಕದಲ್ಲಿ ಕೂತಿದ್ಲು. ಇಬ್ಬರೂ ಯಾರನ್ನೂ ಬಯ್ಯಲಿಲ್ಲ.

ಬಿಸಿಲು ಇಳೀತು. ಬೂಬಮ್ಮ ಎದ್ದು, ಇಷ್ಟು ವರ್ಷದ ಅಭ್ಯಾಸದಂತೆ ಮಾತಿಲ್ಲದೆ ಹೊಸ್ತಿಲ ಕಡೆ ನಡೆದ್ಲು.

"ಹಂಗೇ ಓಗ್ತಿಯೇನೇ? ಯೋಳಿ ಓಗು" ಅಂದ್ಲು ಅತ್ತೆ.

ಬೂಬಮ್ಮ ತಿರುಗಿ ನಿಂತ್ಲು. "ಬರ್ತೀನಿ ಅಕ್ಕ."

"ಹ್ಞೂಂ, ಬಾ" ಅಂದ್ಲು ನಮ್ಮತ್ತೆ. ನಾನು ಆ ಮನೆಗೆ ಸೊಸೆಯಾಗಿ ಬಂದು ಅಷ್ಟು ವರ್ಷವಾದ ಮೇಲೆ, ಅವಳ ಬಾಯಲ್ಲಿ ಆ ಮಾತು ಕೇಳಿದ್ದು ಅವತ್ತೇ.